ಅಜ್ಜನ ಜೋಡಿ ನಳಿಗೆ ಕೋವಿ

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಬರ್ಮಿಂಗ್‌ಹ್ಯಾಮ್ ಜೋಡಿ ನಳಿಗೆ ಕೋವಿಯಿದೆ. ನಳಿಗೆಯ ಮೇಲೆ ಅಲೆಯಂಥ ಗೆರೆಗಳಿವೆ, ಹಿಡಿಯ ಮರ ಎಣ್ಣೆ ಕುಡಿದು ಕಪ್ಪಾಗಿದೆ. ನಳಿಗೆಗೆ ಬ್ಲೂಯಿಂಗ್ (ತುಕ್ಕು ತಡೆಯಲು ಲೋಹದ ಮೇಲ್ಮೈಗೆ ಕೊಡುವ ಕಪ್ಪು-ನೀಲಿ ಬಣ್ಣ) ಮಾಡಿಸಬಹುದೇ?
— ಓದುಗರು, ಮಡಿಕೇರಿ

ಉತ್ತರ: ಬಿಸಿ ಬ್ಲೂಯಿಂಗ್ ಖಂಡಿತ ಬೇಡ. ಆ ಗೆರೆಗಳು ಡಮಾಸ್ಕಸ್ ನಳಿಗೆಯವು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಸುತ್ತಿ ಬೆಸೆದದ್ದು. ಬ್ಲೂಯಿಂಗ್‌ನ ಕುದಿಯುವ ಕ್ಷಾರ ಎರಡು ನಳಿಗೆಗಳ ನಡುವಿನ ಪಟ್ಟಿಯಡಿ ನುಗ್ಗಿ ಸೀಸ-ತವರದ ಬೆಸುಗೆಯನ್ನೇ ತಿನ್ನುತ್ತದೆ. ಮೊದಲು ಜೋಡಿ ನಳಿಗೆಯನ್ನು ಹಾಗೇ ಕೋವಿಯಿಂದ ಬಿಚ್ಚಿ, ದಾರಕ್ಕೆ ತೂಗುಹಾಕಿ ಮರದ ಕಡ್ಡಿಯಿಂದ ತಟ್ಟಿ. ಗಂಟೆಯ ನಾದ ಬಂದರೆ ಬೆಸುಗೆ ಗಟ್ಟಿ. ಸದ್ದು ಮಂದವಾದರೆ ಪಟ್ಟಿ ಬಿಟ್ಟಿರುವ ಸಂಭವ ಹೆಚ್ಚು.

ಮರಕ್ಕೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ದಪ್ಪಗೆ ಬಳಿಯಿರಿ, ಬಯಲಲ್ಲಿ, ಬೆಂಕಿಯಿಂದ ದೂರ. ಎಣ್ಣೆ ಹೀರಿ ಪುಡಿ ಕಂದಾದಾಗ ಬ್ರಷ್‌ನಿಂದ ಉದುರಿಸಿ. ಮೂರ್ನಾಲ್ಕು ಸಲ ಬೇಕಾದೀತು. ಮರಳುಕಾಗದ ಮುಟ್ಟಿಸಬೇಡಿ, ಚೌಕುಳಿ ಕೆತ್ತನೆ ಸವೆದರೆ ಕೋವಿಯ ಚೆಲುವೇ ಹೋಯಿತು.

ನಳಿಗೆಯಡಿ ನೈಟ್ರೋ ಪರೀಕ್ಷೆಯ (ಹೊಗೆರಹಿತ ಮದ್ದಿನ ಒತ್ತಡ ತಾಳುತ್ತದೆಯೇ ಎಂಬ ಪರೀಕ್ಷೆಯ) ಮುದ್ರೆ ಇಲ್ಲದಿದ್ದರೆ ಈಗಿನ ತೋಟಾ ಹಾಕಲೇಬೇಡಿ.