ಮಗಳ ಮೂಲಕ ಮಾತು ಕಳುಹಿಸುವ ಮನೆ

ಪ್ರಶ್ನೆ: ನಾವು ಮೂಡಿಗೆರೆ ಸಮೀಪದ ಸಣ್ಣ ಕಾಫಿ ಬೆಳೆಗಾರರು. ಈ ಸಲದ ಕಾಫಿಯನ್ನು ನನಗೊಂದು ಮಾತೂ ಹೇಳದೆ ಮಾರಿದ್ದೇಕೆಂದು ಕೇಳಿದ್ದಕ್ಕೆ ನಮ್ಮ ಯಜಮಾನರು ಎದ್ದು ಕಣದ ಕಡೆ ಹೋದವರು, ಹದಿನೈದು ದಿನದಿಂದ ಮಾತು ಬಿಟ್ಟಿದ್ದಾರೆ. ನಾನೂ ಬಿಟ್ಟಿದ್ದೇನೆ. ಊಟಕ್ಕೆ ಕರೆಯಲೂ ಒಂಬತ್ತು ವರ್ಷದ ಮಗಳನ್ನೇ ಕಳುಹಿಸುತ್ತೇನೆ. ‘ಗಂಡಸರು ಹಾಗೇ, ತಾನಾಗಿ ಸರಿಹೋಗ್ತಾನೆ ಬಿಡು’ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರ ಮಾತು ಅರ್ಧ ನಿಜ. ಮಾತುಕತೆ ಎಂದಾದರೊಂದು ದಿನ ಮತ್ತೆ ಶುರುವಾಗುತ್ತದೆ. ಆದರೆ ಕಾಫಿ ಮಾರಿದ ವಿಷಯ ಇತ್ಯರ್ಥವಾಗದೆ ಉಳಿದು, ಮುಂದಿನ ಕುಯ್ಲಿಗೆ ಮತ್ತೆ ತಲೆಯೆತ್ತುತ್ತದೆ.

ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು, ಜಗಳದ ನಡುವೆ ಹೀಗೆ ಬಾಯಿ ಮುಚ್ಚಿಬಿಡುವವರಲ್ಲಿ ಗಂಡಸರೇ ಹೆಚ್ಚೆಂದೂ, ಹೊರಗೆ ನಿರ್ವಿಕಾರವಾಗಿ ಕಂಡರೂ ಅವರ ನಾಡಿಬಡಿತ ಅನೇಕ ವೇಳೆ ನಿಮಿಷಕ್ಕೆ 100ನ್ನು ದಾಟಿರುತ್ತದೆಂದೂ, ಅದು ಇಳಿಯಲು ಕನಿಷ್ಠ 20 ನಿಮಿಷಗಳ ಬಿಡುವು ಬೇಕೆಂದೂ ಹೇಳುತ್ತಾರೆ. ಆದ್ದರಿಂದ ಆ ದಿನ ಅವರು ಕಣದ ಕಡೆ ಎದ್ದುಹೋದದ್ದನ್ನು ನಾನು ತಪ್ಪೆನ್ನಲಾರೆ. ಆ ಸಮರ್ಥನೆ ಹದಿನೈದು ದಿನಗಳಿಗೆ ಸಲ್ಲುವುದಿಲ್ಲ. ಇಷ್ಟು ದಿನದ ಮೌನ ಶಿಕ್ಷೆಯೇ ಸರಿ. ಬೇಸರ ಮಾಡಿಕೊಳ್ಳಬೇಡಿ, ಈಗ ಅದನ್ನು ಇಬ್ಬರೂ ಕೊಡುತ್ತಿದ್ದೀರಿ.

ಮಗಳು ಅಡುಗೆಮನೆಗೂ ಜಗಲಿಗೂ ಮಾತು ಹೊತ್ತು ತಿರುಗುವುದನ್ನು ಮಾತ್ರ ಇಂದೇ ನಿಲ್ಲಿಸಿ. ಊಟಕ್ಕೆ ನೀವೇ ಕರೆಯಿರಿ. ಅದನ್ನು ಸೋಲೆಂದು ಲೆಕ್ಕವಿಡುವವರಿದ್ದರೆ ಇಟ್ಟುಕೊಳ್ಳಲಿ.

ವಾರದ ಬಟವಾಡೆ ಮುಗಿದು ಆಳುಗಳು ಹೋದ ಮೇಲೆ, ಯಾಕೆ ಮಾರಿದಿರಿ ಎಂದು ಮತ್ತೆ ಕೆದಕದೆ, ‘ಬಂದ ಹಣದಲ್ಲಿ ಬೆಳೆಸಾಲಕ್ಕೆಷ್ಟು, ಗೊಬ್ಬರಕ್ಕೆಷ್ಟು, ಕೂತು ನೋಡೋಣ’ ಎಂದು ಲೆಕ್ಕದ ಪುಸ್ತಕ ತೆರೆಯಿರಿ. ಸಾಲದ ಕಂತಿಗೋ ಕೂಲಿಗೋ ಅವಸರದಲ್ಲಿ ಕಡಿಮೆ ಬೆಲೆಗೆ ಕೊಟ್ಟು, ಅದನ್ನು ನಿಮ್ಮೆದುರು ಹೇಳಲು ಸಂಕೋಚಪಡುತ್ತಿದ್ದಾರೆಯೋ ಏನೋ. ಇದು ನನ್ನ ಊಹೆ ಮಾತ್ರ, ಆದರೆ ಹಣದ ವಿಚಾರದಲ್ಲಿ ಬಾಯಿ ಕಟ್ಟಿಕೊಂಡವರ ಹಿಂದೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿರುವುದುಂಟು. ಮುಂದೆ ಯಾರಿಗೆ ಕೋಪ ಬಂದರೂ, ‘ಈಗ ಬೇಡ, ರಾತ್ರಿ ಊಟವಾದ ಮೇಲೆ ಮಾತಾಡೋಣ’ ಎಂದು ಹೊತ್ತು ಹೇಳಿಯೇ ಎದ್ದುಹೋಗಬೇಕೆಂದು ಇಬ್ಬರೂ ಒಪ್ಪಿಕೊಳ್ಳಿ. ಹೇಳಿದ ಹೊತ್ತಿಗೆ ಬಂದು ಕೂರುವುದೂ ಆ ಒಪ್ಪಂದದಲ್ಲಿ ಸೇರಿರಲಿ.

ಮೌನದ ಜೊತೆಗೆ ಮನೆಖರ್ಚಿನ ಹಣ ತಡೆಯುವುದು, ಬೆದರಿಸುವುದು ಇದ್ದರೆ ಅದು ಬೇರೆಯೇ ವಿಷಯ. ಆಗ ಕಾಯದೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ನಿಮ್ಮ ಪತ್ರದಲ್ಲಿ ನನಗೆ ಅಂಥ ಸೂಚನೆ ಕಾಣಲಿಲ್ಲ.