ಮೆಂಟರ್‌ಗೂ "ಚೆನ್ನಾಗಿದೆ", ಅಮ್ಮನಿಗೂ "ಚೆನ್ನಾಗಿದೆ"

ಪ್ರಶ್ನೆ: ನಾನು ಶಿಕ್ಷಕ ತರಬೇತಿಯ ವಿದ್ಯಾರ್ಥಿನಿ, ವಯಸ್ಸು 23. ಪ್ರಾಕ್ಟೀಸ್ ಟೀಚಿಂಗ್‌ಗೆಂದು ಹೊರದೇಶದ ಒಂದು ಶಾಲೆಗೆ ಬಂದು ಎರಡು ವಾರವಾಯಿತು. ಆರನೇ ತರಗತಿಗೆ ವಿಜ್ಞಾನ ಪಾಠ ಮಾಡಬೇಕು. ಇಲ್ಲಿನ ಭಾಷೆ ನನಗೆ ಬರುತ್ತದೆ, ಅದರ ಪರೀಕ್ಷೆ ಪಾಸು ಮಾಡಿಯೇ ಬಂದಿದ್ದೇನೆ. ಆದರೆ ಮಕ್ಕಳು ಮಾತಾಡುವ ವೇಗಕ್ಕೆ ಅರ್ಧ ತಲೆಗೇ ಹೋಗುವುದಿಲ್ಲ. ಪ್ರಶ್ನೆ ಕೇಳಿದರೆ ಇಡೀ ಕ್ಲಾಸ್ ಸುಮ್ನೆ ಕೂತಿರುತ್ತದೆ, ಕೊನೆಗೆ ನಾನೇ ಉತ್ತರ ಹೇಳಿ ಮುಂದೆ ಹೋಗುತ್ತೇನೆ. ಗುಂಪಿನಲ್ಲಿ ಕೆಲಸ ಮಾಡಿ ಅಂದರೆ ಬರೀ ಗಲಾಟೆ. ಮೊನ್ನೆ ನಾನು ಒಂದು ಪದ ಹೇಳಿದ ರೀತಿಗೆ ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ನನ್ನ ಮೆಂಟರ್ ಹಿಂದೆ ಕೂತು ಏನೋ ಬರೆದುಕೊಳ್ಳುತ್ತಲೇ ಇರುತ್ತಾರೆ. "ಹೇಗಿದೆ ಎಲ್ಲಾ?" ಅಂತ ಅವರು ಕೇಳಿದಾಗ "ಚೆನ್ನಾಗಿದೆ" ಅಂದುಬಿಟ್ಟೆ, ಯಾಕೆಂದರೆ ಕೊನೆಗೆ ನನ್ನ ಮೌಲ್ಯಮಾಪನ ಬರೆಯುವವರು ಅವರೇ. ಸಂಜೆ ರೂಮಿಗೆ ಬಂದು ಬಾಗಿಲು ಹಾಕಿಕೊಂಡರೆ ರಾತ್ರಿ ಒಂದು ಗಂಟೆವರೆಗೆ ಪಾಠ ಯೋಜನೆ ಬರೆಯುತ್ತೇನೆ. ದಿನಾ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಚೆನ್ನಾಗಿದೆ ಅನ್ನುತ್ತೇನೆ, ಫೋನ್ ಇಟ್ಟ ಮೇಲೆ ಅಳುತ್ತೇನೆ. ನನಗೆ ಟೀಚರ್ ಆಗುವ ಯೋಗ್ಯತೆಯೇ ಇಲ್ವಾ? ಇಲ್ಲಾ ಈ ದೇಶ ನನಗೆ ಆಗಿಬರುವುದಿಲ್ವಾ? ಎಲ್ಲಾ ಬಿಟ್ಟು ವಾಪಸ್ ಹೋಗಲಾ?

ಉತ್ತರ: ವಾಪಸ್ ಹೋಗಲಾ ಅಂತ ಕೇಳಿದ್ದೀರಿ, ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ವಾರ ಆ ತೀರ್ಮಾನ ಬೇಡ. ಮರುದಿನದ ಪಾಠ ಎದುರಿಗಿರುವ ರಾತ್ರಿ ಹೊತ್ತಿನಲ್ಲಂತೂ ಬೇಡವೇ ಬೇಡ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಮೆಂಟರ್‌ಗೆ ಚೆನ್ನಾಗಿದೆ ಅಂದಿದ್ದೀರಿ, ಅಮ್ಮನಿಗೂ ಅದನ್ನೇ ಹೇಳಿದ್ದೀರಿ. ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಮ್ಮ ಕಷ್ಟ ಏನು ಅಂತ ಗೊತ್ತಿರುವವರು ಒಬ್ಬರೂ ಇಲ್ಲ. ಪರದೇಶದಲ್ಲಿ ಹೀಗೆ ಎಲ್ಲವನ್ನೂ ಒಬ್ಬರೇ ನುಂಗಿಕೊಂಡು ಕೂತರೆ ಅಳು ಬರದೆ ಇನ್ನೇನು ಬರುತ್ತದೆ ಹೇಳಿ?

ಇನ್ನೊಂದು ವಿಷಯ. ಹೊಸದಾಗಿ ಪಾಠ ಮಾಡುವವರ ಕಷ್ಟವನ್ನೂ ಹೊಸ ದೇಶಕ್ಕೆ ಬಂದವರ ಕಷ್ಟವನ್ನೂ ನೀವು ಒಂದೇ ಗಂಟು ಕಟ್ಟಿದ್ದೀರಿ. ಅದನ್ನು ಸ್ವಲ್ಪ ಬಿಚ್ಚಿ ನೋಡೋಣ. ಪ್ರಶ್ನೆ ಕೇಳಿದರೆ ಕ್ಲಾಸ್ ಸುಮ್ಮನಾಗುವುದು, ಗುಂಪು ಕೆಲಸ ಅಂದರೆ ಗಲಾಟೆ, ಒಂದು ಪೀರಿಯಡ್ಡಿನ ಪಾಠಕ್ಕೆ ಅರ್ಧ ರಾತ್ರಿಯ ತಯಾರಿ, ಇವೆಲ್ಲ ತಮ್ಮ ಊರಿನಲ್ಲೇ, ತಮ್ಮ ಮಾತೃಭಾಷೆಯಲ್ಲೇ ಪಾಠ ಶುರು ಮಾಡಿದವರಿಗೂ ಆಗುತ್ತವೆ. 1984ರಲ್ಲಿ ಸೈಮನ್ ವೇನ್‌ಮನ್ ಅನ್ನುವ ಡಚ್ ಸಂಶೋಧಕರು ಹಲವು ದೇಶಗಳ ಹೊಸ ಶಿಕ್ಷಕರ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಆ ಶಿಕ್ಷಕರು ಹೇಳಿಕೊಂಡ ಕಷ್ಟಗಳಲ್ಲಿ ಮೊದಲ ಸ್ಥಾನ ತರಗತಿಯ ಶಿಸ್ತಿಗೇ ಸಿಕ್ಕಿತ್ತು. ಯಾವ ದೇಶ, ಯಾವ ಭಾಷೆ ಅನ್ನುವುದಕ್ಕೂ ಇದಕ್ಕೂ ಅಷ್ಟು ಸಂಬಂಧವಿಲ್ಲ. ಆದರೆ ನೀವು ಹೊರಗಿನಿಂದ ಬಂದವರಲ್ವಾ, ಅದಕ್ಕೇ ತರಗತಿಯಲ್ಲಿ ಏನು ಕೆಟ್ಟರೂ "ನನ್ನ ಉಚ್ಚಾರಣೆಯಿಂದ, ನಾನು ಇಲ್ಲಿಯವಳಲ್ಲ ಅನ್ನೋದರಿಂದ" ಅಂತ ಅದರ ಮೇಲೇ ಹಾಕುತ್ತೀರಿ. ಉಚ್ಚಾರಣೆಯನ್ನು ಒಂದು ವಾರದಲ್ಲಿ ಬದಲಾಯಿಸಲು ಆಗುವುದಿಲ್ಲ, ಆಗ ದಾರಿಯೇ ಇಲ್ಲ ಅನ್ನಿಸುತ್ತದೆ. ಪ್ರಶ್ನೆ ಕೇಳುವ ರೀತಿಯನ್ನು ಮಾತ್ರ ನಾಳೆಯೇ ಬದಲಾಯಿಸಬಹುದು.

ಹೇಗೆ ಅಂತ ಹೇಳುತ್ತೇನೆ. ನೀವು ಕೇಳಿದ್ದು ಹೀಗೆ ಅಂದುಕೊಳ್ಳಿ: "ಅಗಲವಾದ ತಟ್ಟೆಯಲ್ಲಿ ಸ್ವಲ್ಪ ನೀರಿದೆ, ಉದ್ದ ಲೋಟದಲ್ಲೂ ಅಷ್ಟೇ ನೀರಿದೆ, ಯಾವುದು ಬೇಗ ಆರುತ್ತದೆ, ಯಾಕೆ?" ಮಗು ಮೊದಲು ಪರಿಚಯವಿಲ್ಲದ ನಿಮ್ಮ ದನಿಯನ್ನು ಹಿಡಿಯಬೇಕು, ತಟ್ಟೆ ಲೋಟ ಎರಡನ್ನೂ ಮನಸ್ಸಿನಲ್ಲಿ ತಂದುಕೊಳ್ಳಬೇಕು, ಉತ್ತರ ಹುಡುಕಬೇಕು, ತಪ್ಪಾದರೆ ಉಳಿದವರು ನಗುತ್ತಾರಾ ಅಂತ ಲೆಕ್ಕ ಹಾಕಬೇಕು, ಆಮೇಲೆ ಕೈ ಎತ್ತಬೇಕು. ಅಷ್ಟರಲ್ಲಿ ನೀವು ಉತ್ತರ ಹೇಳಿ ಮುಂದೆ ಹೋಗಿರುತ್ತೀರಿ. ಹೀಗೆ ಎರಡು ಸಲ ಆದರೆ ಸಾಕು, ಸುಮ್ಮನಿದ್ದರೆ ಟೀಚರ್ರೇ ಹೇಳುತ್ತಾರೆ ಅಂತ ಮಕ್ಕಳು ಕಲಿತುಬಿಡುತ್ತಾರೆ. ಮೇರಿ ಬಡ್ ರೋ ಅನ್ನುವ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ 1970ರ ದಶಕದಲ್ಲಿ ಬರೆದಿದ್ದು ಇದನ್ನೇ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡ್ ದಾಟಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸದೇ ಸುಮ್ಮನಿರುವವರು ಕಡಿಮೆಯಾಗುತ್ತಾರೆ. ಅನುಭವಿ ಶಿಕ್ಷಕರೂ ಕಾಯುತ್ತಿರಲಿಲ್ಲ ಅನ್ನುವುದನ್ನು ಗಮನಿಸಿ.

ಹಾಗಾಗಿ ಪ್ರಶ್ನೆ ಕೇಳಿ, ಕೈಯಲ್ಲಿರುವ ಪೆನ್ ಕೆಳಗಿಡಿ, ಮನಸ್ಸಿನಲ್ಲೇ ನಿಧಾನಕ್ಕೆ ನಾಲ್ಕರವರೆಗೆ ಎಣಿಸಿ. ಆ ನಾಲ್ಕು ಸೆಕೆಂಡ್ ತುಂಬಾ ಉದ್ದ ಅನ್ನಿಸುತ್ತದೆ, ಮುಖ ಬಿಸಿಯಾಗುತ್ತದೆ, ಆದರೂ ಬಾಯಿ ತೆರೆಯಬೇಡಿ. ಆಗಲೂ ಯಾರೂ ಕೈ ಎತ್ತದಿದ್ದರೆ "ಪಕ್ಕದವರಿಗೆ ಹೇಳಿ" ಅಂತ ಅರ್ಧ ನಿಮಿಷ ಕೊಡಿ. ಆ ಹೊತ್ತಿನಲ್ಲಿ ಬೆಂಚುಗಳ ನಡುವೆ ಓಡಾಡಿ, ಹತ್ತಿರದಿಂದ ಕೇಳಿಸಿಕೊಳ್ಳಿ. ಇಬ್ಬರು ಮಕ್ಕಳ ಮಾತು ಹತ್ತಿರದಿಂದ ಅರ್ಥವಾಗುವಷ್ಟು ದೂರದಿಂದ ಆಗುವುದಿಲ್ಲ, ನಿಮ್ಮ ಕಿವಿಗೂ ಅವರ ವೇಗ ಬೇಗ ಹೊಂದಿಕೊಳ್ಳುತ್ತದೆ.

ಗುಂಪು ಕೆಲಸದ್ದೂ ಇದೇ ಕಥೆ. "ಈಗ ಗುಂಪು ಮಾಡಿಕೊಳ್ಳಿ" ಅಂದ ಕೂಡಲೇ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ, ಆಮೇಲೆ ನೀವು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ, ಏನು ಮಾಡಬೇಕು ಅಂತ ಗೊತ್ತಿಲ್ಲದ ಮಕ್ಕಳು ಗಲಾಟೆ ಮಾಡದೆ ಇರುತ್ತಾರಾ? ಗುಂಪು ಅನ್ನುವ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಏನು ಮಾಡಬೇಕು, ಎಲ್ಲಿ ಬರೆಯಬೇಕು, ಎಷ್ಟು ನಿಮಿಷ, ಇಷ್ಟನ್ನು ಬೋರ್ಡಿನ ಮೇಲೆ ಮೊದಲು ಬರೆಯಿರಿ. ಒಬ್ಬ ಹುಡುಗನಿಗೋ ಹುಡುಗಿಗೋ ಅದನ್ನು ಜೋರಾಗಿ ಹೇಳಲು ಹೇಳಿ. ಆಮೇಲೆ ಕುರ್ಚಿ ಎಳೆಯಲಿ. ಬೋರ್ಡಿನ ಮೇಲೆ ಬರೆದಿದ್ದಕ್ಕೆ ಉಚ್ಚಾರಣೆಯ ತೊಂದರೆಯೂ ಇಲ್ಲ.

ಆ ನಗುವಿನ ಬಗ್ಗೆ. ಆರನೇ ಕ್ಲಾಸಿನ ಮಕ್ಕಳು ಪೆನ್ಸಿಲ್ ಬಿದ್ದರೂ ನಗುತ್ತಾರೆ. ಒಂದು ಸಲ ನಕ್ಕಿದ್ದಕ್ಕೆ ಅಷ್ಟು ತೂಕ ಕೊಡಬೇಡಿ. ಮುಂದಿನ ಸಲ ನೀವೇ ನೇರವಾಗಿ "ಈ ಪದವನ್ನು ಇಲ್ಲಿ ಹೇಗೆ ಹೇಳುತ್ತೀರಿ?" ಅಂತ ಕೇಳಿ, ಅವರು ಹೇಳಿದಂತೆ ಹೇಳಿ, ಪಾಠ ಮುಂದುವರಿಸಿ. ಅದಕ್ಕೆ ಕ್ಷಮೆ ಕೇಳುವ ಅಗತ್ಯ ಇಲ್ಲವೇ ಇಲ್ಲ. ಪಾಠದ ಮುಖ್ಯ ಪದಗಳನ್ನು ಬೆಳಿಗ್ಗೆಯೇ ಮೆಂಟರ್ ಎದುರು ಜೋರಾಗಿ ಹೇಳಿ ನೋಡಿಕೊಂಡರೆ ಇನ್ನೂ ಒಳ್ಳೆಯದು. ಆದರೆ ನಗು ದಿನಾ ಮುಂದುವರಿದು, ನಿಮ್ಮ ದೇಶ, ಬಣ್ಣ, ಹೆಸರು ಹಿಡಿದು ಅಣಕಿಸುವ ಮಟ್ಟಕ್ಕೆ ಹೋದರೆ ಅದು ಬೇರೆ ಮಾತು. ಅದನ್ನು ನೀವು ಸಹಿಸಿಕೊಳ್ಳಬೇಕಾಗಿಲ್ಲ. ಅವತ್ತೇ ಶಾಲೆಗೆ ತಿಳಿಸಿ, ಸರಿಪಡಿಸುವ ಜವಾಬ್ದಾರಿ ಅವರದು.

ಈಗ ಮೆಂಟರ್ ವಿಷಯಕ್ಕೆ ಬರುತ್ತೇನೆ, ನನ್ನ ಪ್ರಕಾರ ಎಲ್ಲವೂ ನಿಂತಿರುವುದು ಇದರ ಮೇಲೆ. ಮೌಲ್ಯಮಾಪನ ಬರೆಯುವವರ ಎದುರು ಕಷ್ಟ ಹೇಳಿಕೊಂಡರೆ ಅಂಕ ಹೋಗುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಯೋಚನೆ ಮಾಡಿ, ಅವರು ಅದೇ ಕೋಣೆಯಲ್ಲಿ ಕೂತಿದ್ದಾರೆ. ಮಕ್ಕಳು ಉತ್ತರ ಕೊಡದಿದ್ದುದೂ ಗಲಾಟೆಯೂ ಅವರಿಗೆ ಕಾಣದೇ ಇಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದೇ, ಇದೆಲ್ಲ ನಿಮ್ಮ ಕಣ್ಣಿಗೂ ಬಿದ್ದಿದೆಯಾ ಇಲ್ವಾ ಅನ್ನುವುದು. ನೀವು ಚೆನ್ನಾಗಿದೆ ಅಂದಾಗ, ಈ ಹುಡುಗಿಗೆ ತನ್ನ ತರಗತಿಯಲ್ಲಿ ಏನಾಗುತ್ತಿದೆ ಅಂತಲೇ ಗೊತ್ತಿಲ್ಲ ಅಂತ ಅವರಿಗೆ ಅನ್ನಿಸಿರಬಹುದು. ತರಬೇತಿಯಲ್ಲಿರುವವರ ಬಗ್ಗೆ ಮೆಂಟರ್‌ಗಳಿಗೆ ನಿಜಕ್ಕೂ ಚಿಂತೆಯಾಗುವುದು ಇಂಥ ಕಡೆಯಲ್ಲಿ.

ಅವರ ಹತ್ತಿರ ಹೋಗಿ "ತುಂಬಾ ಕಷ್ಟ ಆಗ್ತಿದೆ" ಅಂತ ಮಾತ್ರ ಹೇಳಬೇಡಿ, ಅದಕ್ಕೆ ಅವರು ಸಮಾಧಾನ ಹೇಳಬಹುದೇ ಹೊರತು ಇನ್ನೇನೂ ಮಾಡಲಾಗುವುದಿಲ್ಲ. ಹೀಗೆ ಹೇಳಿ ನೋಡಿ: "ಹೋದ ಸಲ ನಾನು ಚೆನ್ನಾಗಿದೆ ಅಂದೆ, ನಿಜ ಹೇಳಬೇಕಂದರೆ ಹಾಗಿರಲಿಲ್ಲ. ಪ್ರಶ್ನೆ ಕೇಳಿದರೆ ಮಕ್ಕಳು ಉತ್ತರ ಕೊಡ್ತಿಲ್ಲ. ನಾಳೆ ನೀವು ಅದೊಂದನ್ನೇ ನೋಡ್ತೀರಾ, ನಾನು ಎಷ್ಟು ಹೊತ್ತು ಕಾಯ್ತೀನಿ, ಯಾರನ್ನು ಕೇಳ್ತೀನಿ ಅಂತ?" ಆಗ ಅವರು ಬರೆದುಕೊಳ್ಳುವುದು ನಿಮಗೆ ಬೇಕಾದ ವಿಷಯವೇ ಆಗಿರುತ್ತದೆ. ಪಾಠ ಮುಗಿದ ಮೇಲೆ ಆ ನೋಟ್ಸ್ ತೋರಿಸಿ ಅಂತ ಕೇಳಿ, ಏನು ಬರೆದಿದ್ದಾರೋ ಅಂತ ರಾತ್ರಿಯೆಲ್ಲ ಊಹೆ ಮಾಡಿಕೊಳ್ಳುವುದಕ್ಕಿಂತ ಓದಿಬಿಡುವುದು ವಾಸಿ. ಅವರ ಕ್ಲಾಸಿನ ಮೊದಲ ಐದು ನಿಮಿಷ ನೋಡಲೂ ಅವಕಾಶ ಕೇಳಿ: ಎಲ್ಲಿ ನಿಲ್ಲುತ್ತಾರೆ, ಯಾರ ಹೆಸರು ಕರೆಯುತ್ತಾರೆ, ಗದ್ದಲ ತಾನಾಗಿ ಇಳಿಯುವವರೆಗೆ ಹೇಗೆ ಕಾಯುತ್ತಾರೆ. ಇಷ್ಟಾದರೂ ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ನಿಮ್ಮ ಕೋರ್ಸಿನ ಮೇಲ್ವಿಚಾರಕರಿಗೆ ಬರೆಯಿರಿ. ಅವರು ಇರುವುದೇ ಇದಕ್ಕೆ, ಸಂಕೋಚ ಬೇಡ.

ಯೋಗ್ಯತೆ ಇಲ್ವಾ ಅಂತ ಕೇಳಿದಿರಿ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ನಾನು ಹೇಗೆ ಕಾಣುತ್ತೇನೆ, ನನ್ನ ಬಗ್ಗೆ ಏನು ಬರೆಯುತ್ತಾರೆ, ನಕ್ಕರು, ಹೀಗೆ ಎಲ್ಲವೂ ನಿಮ್ಮ ಸುತ್ತಲೇ ಇದೆ, ಯಾವ ಮಗುವಿಗೆ ಏನು ಅರ್ಥವಾಯಿತು ಅನ್ನುವ ಒಂದು ಸಾಲೂ ಇಲ್ಲ. ಇದನ್ನು ಬೈಗುಳ ಅಂದುಕೊಳ್ಳಬೇಡಿ. ಹೊಸ ಶಿಕ್ಷಕರ ಚಿಂತೆ ಮೊದಲು ತಮ್ಮ ಸುತ್ತಲೇ ಇರುತ್ತದೆ, ಮಕ್ಕಳ ಕಲಿಕೆಯ ಕಡೆ ಹೊರಳುವುದು ಆಮೇಲೆ ಅಂತ ಫ್ರಾನ್ಸಿಸ್ ಫುಲ್ಲರ್ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ 1969ರಲ್ಲೇ ಬರೆದಿದ್ದಾರೆ. ಬೇಗ ಹೊರಳಬೇಕು ಅಂದರೆ ಪ್ರತಿದಿನ ಸಂಜೆ ಒಂದು ಮಗುವಿನ ಹೆಸರು, ಅದು ಅವತ್ತು ಹೇಳಿದ ಒಂದು ಮಾತು, ಇಷ್ಟು ಬರೆದಿಡಿ. ಹೆಸರುಗಳೂ ಬಾಯಿಗೆ ಬರುತ್ತವೆ.

ಹೊಸ ದೇಶದ ಕಷ್ಟವನ್ನು ನಾನು ಸಣ್ಣದು ಅನ್ನುವುದಿಲ್ಲ. ಹೊರದೇಶಕ್ಕೆ ಹೋದವರಿಗೆ ಮೊದಮೊದಲು ಎಲ್ಲಾ ಖುಷಿಯಾಗಿರುತ್ತದೆ, ಬೇಜಾರು ಬರುವುದು ಆಮೇಲೆ ಅನ್ನುವ ಮಾತು ಬಹಳ ಕಾಲದಿಂದ ಇದೆ. ಅದನ್ನು ನಂಬಿ, ನನಗೆ ಮೊದಲ ದಿನದಿಂದಲೇ ಹೀಗಾಗುತ್ತಿದೆ ಅಂದರೆ ನನ್ನಲ್ಲೇ ಏನೋ ಕೊರತೆ ಅಂದುಕೊಳ್ಳುವವರು ಜಾಸ್ತಿ. 1998ರಲ್ಲಿ ಕಾಲೀನ್ ವಾರ್ಡ್ ಅನ್ನುವ ಮನಃಶಾಸ್ತ್ರ ಸಂಶೋಧಕಿ ಮತ್ತು ಜೊತೆಗಾರರು ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದ ದಿನದಿಂದ ಗಮನಿಸಿದಾಗ ಕಂಡಿದ್ದು ಉಲ್ಟಾ. ಅವರಿಗೆ ಅತಿ ಹೆಚ್ಚು ಕಷ್ಟವಾಗಿದ್ದು ಬಂದ ಹೊಸದರಲ್ಲೇ, ಮುಂದಿನ ತಿಂಗಳುಗಳಲ್ಲಿ ಅದು ಇಳಿಯಿತು. ನೀವು ಈಗ ಇರುವುದೂ ಅಲ್ಲೇ.

ರಾತ್ರಿ ಒಂದು ಗಂಟೆಯ ಪಾಠ ಯೋಜನೆ ನಿಲ್ಲಿಸಿ. ನಿದ್ದೆಯಿಲ್ಲದ ತಲೆಗೆ ಬೇರೆ ಭಾಷೆ ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಹತ್ತೂವರೆಗೆ ಪುಸ್ತಕ ಮುಚ್ಚಿ, ಮೆಂಟರ್ ಹತ್ತಿರ ಹಳೆಯ ವರ್ಕ್‌ಶೀಟ್ ಕೇಳಿ ಪಡೆಯಿರಿ, ಎಲ್ಲವನ್ನೂ ಹೊಸದಾಗಿ ಮಾಡಬೇಕು ಅಂತ ಯಾರೂ ಹೇಳಿಲ್ಲ. ಉಳಿದ ಸಮಯದಲ್ಲಿ ರೂಮಿನ ಬಾಗಿಲು ತೆಗೆಯಿರಿ. ವಾರದಲ್ಲಿ ಒಂದು ಸಂಜೆಯಾದರೂ ಶಾಲೆಯ ಇನ್ನೊಬ್ಬ ಹೊಸ ಟೀಚರ್ ಜೊತೆ ಸುಮ್ನೆ ನಡೆದು ಬನ್ನಿ.

ಅಮ್ಮನಿಗೆ ಎಲ್ಲವನ್ನೂ ಒಂದೇ ಸಲ ಹೇಳಿ ಗಾಬರಿ ಮಾಡಬೇಕಾಗಿಲ್ಲ. "ಇವತ್ತು ಕ್ಲಾಸ್ ಸರಿ ಹೋಗಲಿಲ್ಲಮ್ಮಾ, ನಾಳೆ ಬೇರೆ ಥರ ಮಾಡ್ತೀನಿ" ಅನ್ನಿ ಸಾಕು. ನಿಮ್ಮ ದನಿಯಲ್ಲೇ ಅವರಿಗೆ ಅರ್ಧ ಗೊತ್ತಾಗಿರುತ್ತದೆ, ಗೊತ್ತಿಲ್ಲದಂತೆ ಅವರೂ ನಟಿಸುತ್ತಿರಬಹುದು.

ಒಂದು ಮಾತನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಶಾಲೆಯ ಬಾಗಿಲಲ್ಲಿ ಉಸಿರು ಕಟ್ಟುತ್ತದೆ, ಬದುಕೇ ಬೇಡ ಅನ್ನಿಸುತ್ತಿದೆ, ಇವುಗಳಲ್ಲಿ ಯಾವುದಾದರೂ ಇದ್ದರೆ ನನ್ನ ಉತ್ತರ ಓದುತ್ತಾ ಕೂರಬೇಡಿ. ಇವತ್ತೇ ವೈದ್ಯರನ್ನೋ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನೋ ಕಾಣಿ, ಮನೆಗೂ ತಿಳಿಸಿ. ಆಗ ವಾಪಸ್ ಹೋಗುವುದು ಸೋಲಲ್ಲ, ಸರಿಯಾದ ತೀರ್ಮಾನವೇ ಆಗಿರಬಹುದು.

ಹಾಗೇನಿಲ್ಲದಿದ್ದರೆ ಟರ್ಮಿನ ಅರ್ಧದವರೆಗೆ ಸಮಯ ಕೊಡಿ. ಅಷ್ಟರೊಳಗೆ ಕೋರ್ಸ್ ಸಂಯೋಜಕರಿಗೆ ಒಂದು ಇಮೇಲ್ ಬರೆದು ಕೇಳಿಟ್ಟುಕೊಳ್ಳಿ: ಮಧ್ಯದಲ್ಲಿ ಬಿಟ್ಟರೆ ಈಗಾಗಲೇ ಮಾಡಿದ ವಾರಗಳು ಲೆಕ್ಕಕ್ಕೆ ಬರುತ್ತವಾ, ಉಳಿದದ್ದನ್ನು ಊರಿನ ಶಾಲೆಯಲ್ಲಿ ಮುಗಿಸಬಹುದಾ, ವೀಸಾಕ್ಕೆ ಏನಾಗುತ್ತದೆ. ಉತ್ತರ ಕೈಯಲ್ಲಿದ್ದರೆ ಸಿಕ್ಕಿಹಾಕಿಕೊಂಡಿದ್ದೇನೆ ಅನ್ನುವ ಭಾವನೆ ಎಷ್ಟೋ ಕಡಿಮೆಯಾಗುತ್ತದೆ. ಆಮೇಲೆ ನನಗೆ ಇನ್ನೊಮ್ಮೆ ಬರೆಯಿರಿ, ಮೆಂಟರ್ ಏನಂದರು ಅನ್ನುವುದನ್ನೂ ಸೇರಿಸಿ.