ಸೇಂಟ್ ಕಿಲ್ಡಾ ಜನ ಊರು ಬಿಟ್ಟಿದ್ದು ಯಾಕೆ?

ಉತ್ತರದ ಕಡೆ ಸಮುದ್ರದ ಮಧ್ಯೆ ಒಂಟಿಯಾಗಿರೋ ದ್ವೀಪಗಳಲ್ಲಿ ಜನ ಅಷ್ಟು ಕಾಲ ಹೇಗಿದ್ರು, ಆಮೇಲೆ ಯಾಕೆ ಖಾಲಿ ಮಾಡಿದ್ರು, ಚಳಿ ತಡೀಲಾರದೆನಾ ಅಂತ ಕೇಳಿದ್ದೀರ. ನಾನು ಕಣ್ಣಾರೆ ನೋಡಿರೋದು ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾನ, ಅದನ್ನೇ ಹೇಳ್ತೀನಿ. ಚಳಿ ಅಲ್ಲ ಸರ್ ಕಾರಣ. ದೋಣಿಗೆ ಹುಟ್ಟು ಹಾಕೋಕೆ, ಬಂಡೆ ಇಳಿಯೋನ ಹಗ್ಗ ಹಿಡಿಯೋಕೆ ಕೈಗಳು ಸಾಲದೇ ಹೋದ್ವು.

ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ ಇರೋ ಔಟರ್ ಹೆಬ್ರಿಡೀಸ್ ದ್ವೀಪಗಳಿಂದಾನೂ ಆಚೆಗೆ, ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರ್ ದೂರದಲ್ಲಿದೆ ಇದು. ಗ್ಲಾಸ್ಗೋದಲ್ಲಿ ಕೆಲಸಕ್ಕಿದ್ದಾಗ ಆ ಹೆಬ್ರಿಡೀಸ್‌ನಲ್ಲೇ ಇರೋ ಹ್ಯಾರಿಸ್‌ನಿಂದ ಬೋಟಲ್ಲಿ ಹೋಗಿದ್ದೆ, ಮೊದಲ ದಿನ ಅಲೆ ಜೋರು ಅಂತ ಕ್ಯಾನ್ಸಲ್, ಮಾರನೇ ದಿನ ದಾರಿ ಪೂರ್ತಿ ವಾಂತಿ ಮಾಡ್ಕೊಂಡೇ ಹೋಗಿ ಇಳಿದೆ. ಹಳೇ ಜ್ವಾಲಾಮುಖಿಯ ಅಳಿದುಳಿದ ಅಂಚುಗಳಂತೆ ಇವೆಲ್ಲ. ಜನ ಇದ್ದಿದ್ದು ಹಿರ್ಟಾ ಅನ್ನೋ ದ್ವೀಪದಲ್ಲಿ, ಅಲ್ಲಿನ ಕೊನಾಕರ್ ಗುಡ್ಡ ಸಮುದ್ರದಿಂದ 430 ಮೀಟರ್ ನೆಟ್ಟಗೆ ಎದ್ದು ನಿಂತಿದೆ. ಒಂದು ಮರ ಇಲ್ಲ. (ಅಂದಹಾಗೆ ಕಿಲ್ಡಾ ಅನ್ನೋ ಹೆಸರಿನ ಸಂತ ಯಾರೂ ಇರ್ಲೇ ಇಲ್ಲ!)

ಬದುಕಿದ್ದು ಹಕ್ಕಿಗಳಿಂದ. ಸುತ್ತ ಸಮುದ್ರ ಇದ್ರೂ ಮೀನಿಗಿಂತ ಹಕ್ಕೀನೇ ಜಾಸ್ತಿ ತಿಂತಿದ್ರು. ಗ್ಯಾನೆಟ್, ಪಫಿನ್, ಎಲ್ಲಕ್ಕಿಂತ ಮುಖ್ಯವಾಗಿ ಫುಲ್ಮಾರ್. ಈ ಫುಲ್ಮಾರ್ ಹತ್ರ ಹೋದ್ರೆ ಹೊಟ್ಟೆಯಿಂದ ನಾರೋ ಎಣ್ಣೆ ಉಗುಳುತ್ತೆ, ಆ ಎಣ್ಣೇನೇ ಇವರಿಗೆ ದೀಪಕ್ಕೆ ಬೇಕಿತ್ತು, ಹಾಗಾಗಿ ಹಗ್ಗ ಕಟ್ಕೊಂಡು ಬಂಡೆ ಇಳಿದು ಅದು ಉಗುಳೋಕೆ ಮುಂಚೆನೇ ಕತ್ತು ತಿರುವಬೇಕು, ಎಣ್ಣೇನ ಒಣಗಿಸಿದ ಗ್ಯಾನೆಟ್ ಹೊಟ್ಟೆ ಚೀಲದಲ್ಲೇ ತುಂಬಿಡಬೇಕು. ದ್ವೀಪದ ಒಡೆಯರಾಗಿದ್ದ, ಸ್ಕೈ ದ್ವೀಪದ ಡನ್ವೆಗನ್‌ನ ಮ್ಯಾಕ್ಲಿಯೋಡ್ ಮನೆತನದೋರಿಗೆ ಗೇಣಿ ಕೊಡ್ತಿದ್ದಿದ್ದೂ ಇದೇ ಗರಿ, ಎಣ್ಣೆ. ಮಾಂಸ ಇಡೋಕೆ ಕ್ಲೇಟ್ ಅಂತ ಗಾರೆ ಇಲ್ಲದ ಕಲ್ಲುಗೂಡು, ಮೇಲೆ ಮಣ್ಣು ಹುಲ್ಲಿನ ಹೊದಿಕೆ. ನಾನು ಒಂದರೊಳಗೆ ಬಗ್ಗಿ ನುಗ್ಗಿದ್ದೆ, ಮಳೆ ಒಂದು ಹನಿ ಬರ್ಲಿಲ್ಲ, ಆದ್ರೆ ಕಲ್ಲಿನ ಸಂದಿಯಿಂದ ಗಾಳಿ ಕಿವಿಗೆ ಹೊಡೀತಿತ್ತು. ಆ ಗಾಳಿಗೇ ಮಾಂಸ ಒಣಗ್ತಿತ್ತು. ಹಿರ್ಟಾ ಒಂದರಲ್ಲೇ ಇಂಥವು ಸಾವಿರಕ್ಕಿಂತ ಜಾಸ್ತಿ ಇವೆ.

ಕೈ ಸಾಲದಿದ್ರೆ ಏನಾಗುತ್ತೆ ಅನ್ನೋದಕ್ಕೆ 1727 ನೋಡಿ. ಆಗಸ್ಟಲ್ಲಿ ಮೂರು ಜನ ಗಂಡಸರು, ಎಂಟು ಹುಡುಗರನ್ನ ಹಕ್ಕಿ ಹಿಡಿಯೋಕೆ ಅಂತ ಸ್ಟ್ಯಾಕ್ ಅನ್ ಆರ್ಮಿನ್ ಅನ್ನೋ ಬಂಡೆ ಮೇಲೆ ಇಳಿಸಿ ದೋಣಿ ವಾಪಸ್ ಹೋಯ್ತು. ಸ್ವಲ್ಪ ದಿನದಲ್ಲಿ ಬರಬೇಕಾದ ದೋಣಿ ಬರ್ಲೇ ಇಲ್ಲ, ಯಾಕಂದ್ರೆ ಹಿರ್ಟಾದಲ್ಲಿ ಸಿಡುಬು ಬಂದು ದೊಡ್ಡೋರು ಹೆಚ್ಚುಕಮ್ಮಿ ಎಲ್ರೂ ಸತ್ತಿದ್ರು, ದೋಣಿ ತಳ್ಳೋರೇ ಇಲ್ಲ. ಹನ್ನೊಂದು ಜನಾನೂ ಚಳಿಗಾಲ ಪೂರ್ತಿ ಆ ಬಂಡೆ ಮೇಲೇ ಕಳೆದು, ಮುಂದಿನ ಮೇ ತಿಂಗಳಲ್ಲಿ ಒಡೆಯನ ಕಡೆಯೋರು ಬಂದಾಗಲೇ ಇಳಿದಿದ್ದು. ನಂಗೆ ಇವತ್ತಿಗೂ ಇದು ನೆನಪಾದ್ರೆ ಮೈ ಜುಮ್ಮನ್ನುತ್ತೆ.

ಆಮೇಲೆ ಒಂದೊಂದೇ ಕಾರಣಕ್ಕೆ ಜನ ಕಮ್ಮಿ ಆಗ್ತಾ ಬಂದ್ರು. 1852ರಲ್ಲಿ 36 ಜನ ಆಸ್ಟ್ರೇಲಿಯಾಕ್ಕೆ ಹೊರಟ್ರು, ತುಂಬಾ ಜನ ಹಡಗಲ್ಲೇ ತೀರ್ಕೊಂಡ್ರು. ಹುಟ್ಟಿದ ಕೂಸುಗಳು ಎಂಟೊಂಬತ್ತು ದಿನಕ್ಕೆ ಧನುರ್ವಾಯುವಿಗೆ ಬಲಿ ಆಗ್ತಿದ್ವು, ಅದು ನಿಂತಿದ್ದು 1890ರ ದಶಕದಲ್ಲಿ. ಹೊರಗಿನೋರ್ಗೆ ಸುದ್ದಿ ಮುಟ್ಟಿಸೋದೂ ಕಷ್ಟ. ಮರದ ತುಂಡನ್ನ ಪುಟ್ಟ ದೋಣಿ ಥರ ಕೊರೆದು, ಅದರೊಳಗೆ ಕಾಗದ, ಸ್ಟಾಂಪಿಗೆ ಒಂದು ಪೆನ್ನಿ ಇಟ್ಟು, ಕುರಿಯ ಮೂತ್ರಕೋಶ ಊದಿ ಕಟ್ಟಿ ಸಮುದ್ರಕ್ಕೆ ಬಿಡ್ತಿದ್ರು. ಕೆಲವು ಸ್ಕಾಟ್ಲೆಂಡ್ ದಡಕ್ಕೆ, ಕೆಲವು ನಾರ್ವೆಗೆ ಹೋಗಿ ಮುಟ್ಟುತಿದ್ವು!

ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯೋರು ಬಂದು ಕೂತ್ರು, ಜೊತೆಗೆ ಟಪಾಲು, ದಿನಸಿ ಎಲ್ಲಾ ಬಂತು, 1918ರಲ್ಲಿ ಜರ್ಮನ್ ಸಬ್‌ಮರೀನ್ ಬಂದು ಶೆಲ್ಲೂ ಹಾಕ್ತು. ಯುದ್ಧ ಮುಗಿದು ಅವರು ಹೋದ್ಮೇಲೆ ಹುಡುಗರೂ ಹೊರಟ್ರು, ಹೊರಗಿನ ಪ್ರಪಂಚದ ರುಚಿ ಹತ್ತಿತ್ತಲ್ಲ. 1926ರಲ್ಲಿ ಫ್ಲೂಗೆ ನಾಲ್ಕು ಗಂಡಸರು ಹೋದ್ರು. ನಾಲ್ಕು ಅಂದ್ರೆ ನಮಗೆ ಏನೂ ಅನ್ಸಲ್ಲ, ಅಲ್ಲಿ ಅದು ಒಂದು ದೋಣಿಯ ಆಳುಗಳು. 1930ರ ಶುರುವಲ್ಲಿ ಒಬ್ಬ ಬಸುರಿ ಹೆಂಗಸು ಗ್ಲಾಸ್ಗೋ ಆಸ್ಪತ್ರೇಲಿ ತೀರ್ಕೊಂಡ್ಲು, ಮೇ ತಿಂಗಳಲ್ಲಿ ಊರಿನೋರೇ ಸರ್ಕಾರಕ್ಕೆ ನಮ್ಮನ್ನ ಕರ್ಕೊಂಡು ಹೋಗಿ ಅಂತ ಅರ್ಜಿ ಬರೆದ್ರು. ಆಗಸ್ಟ್ 29ಕ್ಕೆ ಉಳಿದ 36 ಜನ ಹೇರ್‌ಬೆಲ್ ಹಡಗು ಹತ್ತಿದ್ರು. ಮನೆಮನೇಲೂ ಬೈಬಲ್ ಬಿಚ್ಚಿಟ್ಟು, ಪಕ್ಕದಲ್ಲಿ ಒಂದು ಹಿಡಿ ಓಟ್ಸ್ ಕಾಳು ಇಟ್ಟು ಬಾಗಿಲು ಹಾಕಿದ್ರು. ನಾಯಿಗಳ ಕತ್ತಿಗೆ ಕಲ್ಲು ಕಟ್ಟಿ ಮುಳುಗಿಸಿದ್ರು. ಗಂಡಸರಲ್ಲಿ ಕೆಲವರಿಗೆ ಸರ್ಕಾರ ಕೊಟ್ಟ ಕೆಲಸ ಅರಣ್ಯ ಇಲಾಖೇದು, ಮರಾನೇ ಇಲ್ಲದ ಊರಿಂದ ಬಂದೋರಿಗೆ.

ಈಗ ಅಲ್ಲಿ ಮಿಲಿಟರಿ ರೇಡಾರ್ ಇದೆ, ಬೇಸಿಗೇಲಿ ಸಂಶೋಧಕರು, ನಮ್ಮಂಥ ಟೂರಿಸ್ಟ್‌ಗಳು. ಸೋಯೆ ಅನ್ನೋ ಅಲ್ಲಿನ ಹಳೇ ತಳಿ ಕುರಿಗಳು ಬೀದೀಲಿ ಮೇಯ್ತಾ ಇರ್ತವೆ. ಇನ್ನೊಂದು ವಿಷಯ, ಅಲ್ಲಿಗೇ ಸೀಮಿತವಾದ ಒಂದು ಜಾತಿ ಮನೆ ಇಲಿ ಇತ್ತು, ಜನ ಹೋಗಿ ಒಲೆ ಆರಿದ ಒಂದೆರಡು ವರ್ಷದಲ್ಲೇ ಅದು ಪೂರ್ತಿ ನಾಶ ಆಯ್ತು. ಬಯಲು ಇಲಿ ಉಳ್ಕೊಂಡಿದೆ, ಈಗ ಆ ಪಾಳು ಮನೆಗಳಲ್ಲಿ ಅದರದ್ದೇ ಓಡಾಟ.